ಕ್ರೋಮ್ ಬಂಪರಿನ ಮಡಿವಂತರು

ಇಂಗ್ಲೆಂಡಿನಲ್ಲಿ ಮಡಿ ಮೈಲಿಗೆ, ಜಾತಕ, ಪ್ರಾಯಶ್ಚಿತ್ತ ಏನೂ ಇಲ್ಲ ಎಂದುಕೊಂಡವರು ಭಾನುವಾರ ಬೆಳಿಗ್ಗೆ ಅಲ್ಲಿನ ಯಾವುದಾದರೂ ಸಣ್ಣ ಊರಿನ ಬೀದಿಯಲ್ಲಿ ಒಂದು ಸುತ್ತು ಹಾಕಬೇಕು. ಎಲ್ಲೋ ಒಂದು ಕಡೆ ಗ್ಯಾರೇಜಿನ ಬಾಗಿಲು ಅರ್ಧ ಎತ್ತಿರುತ್ತದೆ. ಸಂದಿಯಲ್ಲಿ ಎರಡು ಕಾಲು ಕಾಣುತ್ತವೆ. ಕಾಲಿನ ಒಡೆಯರು ಮಲಗಿರುವುದು ಎಂಜಿಬಿ ಎಂಬ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರಿನ ಕೆಳಗೆ. ವಯಸ್ಸು ಅರವತ್ತೈದರ ಆಸುಪಾಸು. ಮೊದಲು ಮೇಷ್ಟ್ರೋ, ಕೌನ್ಸಿಲ್ ಎಂಜಿನಿಯರೋ, ಹಲ್ಲಿನ ಡಾಕ್ಟರೋ ಆಗಿದ್ದವರು. ಬೇಸಿಗೆಗೂ ಚಳಿಗೂ ಒಂದೇ ನೀಲಿ ಬಾಯ್ಲರ್ ಸೂಟು. ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಬಗ್ಗದ ಕಪ್ಪು.

ಆಕ್ಸ್‌ಫರ್ಡ್‌ಶೈರಿನಲ್ಲಿ ನಮ್ಮ ಪಕ್ಕದ ಮನೆಯವರೂ ಇದೇ ಪಂಗಡ. ನಾವು ಮನೆಯಲ್ಲಿ ಅವರನ್ನು ಯಜಮಾನರು ಎನ್ನುತ್ತೇವೆ. ಮನೆಯ ಯಜಮಾನಿಕೆ ಪೂರ್ತಿ ಅವರ ಹೆಂಡತಿಯದು, ಇವರ ಅಧಿಕಾರವೇನಿದ್ದರೂ ಗ್ಯಾರೇಜಿನ ಹೊಸ್ತಿಲಿನ ಒಳಗೆ.

ಎಂಜಿಬಿ ಹುಟ್ಟಿದ್ದು ನಮಗೆ ಹತ್ತಿರದ ಆಬಿಂಗ್ಡನ್ ಊರಿನಲ್ಲಿ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಂದವು. ಅಂದಮೇಲೆ ಅಪರೂಪದ ವಸ್ತುವೇನಲ್ಲ. ಇದನ್ನು ಯಜಮಾನರ ಮುಂದೆ ಆಡುವಂತಿಲ್ಲ. ಅವರ ಲೆಕ್ಕದಲ್ಲಿ ಅಷ್ಟೂ ಗಾಡಿಗಳನ್ನು ಯಾರು ಯಾರೋ ಕೈಯಾಡಿಸಿ ಕೆಡಿಸಿದ್ದಾರೆ; ಶುದ್ಧವಾಗಿ ಉಳಿದಿರುವುದು ಒಂದೇ, ಅದು ಅವರ ಗ್ಯಾರೇಜಿನಲ್ಲಿದೆ.

ಶುದ್ಧಿಯ ಶಾಸ್ತ್ರ ಬಲು ಸೂಕ್ಷ್ಮ. 1965ಕ್ಕೆ ಮುಂಚಿನ, ಎಳೆದು ತೆಗೆಯುವ ಬಾಗಿಲ ಹಿಡಿಯ ಗಾಡಿಗಳಿಗೆ ಅಗ್ರಪೂಜೆ. ಆಮೇಲೆ ಉಳಿದ ಕ್ರೋಮ್ ಬಂಪರಿನವು. 1974ರಲ್ಲಿ ಅಮೆರಿಕದ ಸುರಕ್ಷತಾ ಕಾಯಿದೆಗೆ ತಲೆಬಾಗಿ ಕಂಪನಿಯವರು ಹೊಳೆಯುವ ಬಂಪರ್ ಕಿತ್ತು ದಪ್ಪ ಕರಿ ಬಂಪರ್ ಹಾಕಿದರು, ಗಾಡಿಯನ್ನೂ ಒಂದಿಷ್ಟು ಎತ್ತರಿಸಿದರು. ಅವಕ್ಕೆ ‘ರಬ್ಬರ್ ಬಂಪರ್’ ಎಂದೇ ಹೆಸರು. ಹಳೆಯ ಕಾರುಗಳ ಮೇಳದ ಮೈದಾನದಲ್ಲಿ ರಬ್ಬರ್ ಬಂಪರಿನವರು ಬಂದು ಪಕ್ಕದಲ್ಲಿ ನಿಂತರೆ ಯಜಮಾನರು ನಗುತ್ತಾರೆ, ಕೈ ಕುಲುಕುತ್ತಾರೆ, ಹವಾಮಾನದ ಬಗ್ಗೆ ಮಾತಾಡುತ್ತಾರೆ. ಗಾಡಿಯ ಬಗ್ಗೆ ಮಾತ್ರ ತುಟಿಪಿಟಕ್ಕೆನ್ನುವುದಿಲ್ಲ. ಕೆಲವರು ಸಾವಿರಾರು ಪೌಂಡ್ ಸುರಿದು ರಬ್ಬರ್ ತೆಗೆಸಿ ಕ್ರೋಮ್ ಕಟ್ಟಿಸಿಕೊಳ್ಳುವುದೂ ಉಂಟು. ಯಜಮಾನರು ಅಂಥ ಗಾಡಿಯ ಮುಂದೆ ಒಂದು ಕ್ಷಣ ಬಗ್ಗಿ, ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಸಂದನ್ನು ಕಣ್ಣಲ್ಲೇ ಅಳೆದು, ‘ಓಹೋ’ ಎನ್ನುತ್ತಾರೆ. ಆ ಒಂದು ‘ಓಹೋ’ ಕೇಳಿದ ಮನುಷ್ಯನಿಗೆ ಆವತ್ತಿನ ಊಟ ಸೇರುವುದಿಲ್ಲ.

ಜಾತಕ ಸಿಗುವುದು ಗೇಡನ್ ಎಂಬ ಊರಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಮ್ಮಿನಲ್ಲಿ. ಷಾಸಿ ನಂಬರ್ ಬರೆದು ಶುಲ್ಕ ಕಟ್ಟಿದರೆ ಕಾರ್ಖಾನೆಯ ಹಳೆಯ ದಾಖಲೆ ನೋಡಿ, ಗಾಡಿ ಹುಟ್ಟಿದ ದಿನ, ಎಂಜಿನ್ ನಂಬರ್, ಯಾವ ದೇಶಕ್ಕೆಂದು ಕಟ್ಟಿದ್ದು, ಮೂಲ ಬಣ್ಣ ಯಾವುದು ಎಂದು ಸರ್ಟಿಫಿಕೇಟ್ ಕೊಡುತ್ತಾರೆ. ಯಜಮಾನರು ಮೊದಲು ಬಣ್ಣ ಬಳಿಸಿದರು, ಆಮೇಲೆ ಜಾತಕ ತರಿಸಿದರು. ನಮ್ಮ ಕಡೆಯವರಾದರೆ ಈ ತಪ್ಪು ಮಾಡುತ್ತಿರಲಿಲ್ಲ. ಗಾಡಿಗೆ ಬಳಿದದ್ದು ಕಡು ಹಸಿರು, ಬ್ರಿಟಿಷ್ ರೇಸಿಂಗ್ ಗ್ರೀನ್. ಜಾತಕದಲ್ಲಿ ಬಂದದ್ದು 1973ರ ಹಾರ್ವೆಸ್ಟ್ ಗೋಲ್ಡ್, ಅಂದರೆ ಅಪ್ಪಟ ಸಾಸಿವೆ ಹಳದಿ. ಸಾಲದ್ದಕ್ಕೆ ‘ಉತ್ತರ ಅಮೆರಿಕಕ್ಕೆ ರಫ್ತು’ ಎಂಬ ಇನ್ನೊಂದು ಸಾಲು. ಎಡಗಡೆ ಸ್ಟೀರಿಂಗ್ ಇಟ್ಟುಕೊಂಡು ಹುಟ್ಟಿ, ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ಬೆಳೆದು, ತುಕ್ಕಿಲ್ಲದ ಒಂದೇ ಪುಣ್ಯಕ್ಕೆ ತವರಿಗೆ ವಾಪಸ್ ಬಂದು, ಇಲ್ಲಿ ಯಾರೋ ಸ್ಟೀರಿಂಗನ್ನು ಬಲಕ್ಕೆ ದಾಟಿಸಿದ ಗಾಡಿ. ಆ ಸರ್ಟಿಫಿಕೇಟನ್ನು ಚೌಕಟ್ಟು ಹಾಕಿಸಿ ಗೋಡೆಗೆ ತಗಲಿಸುವುದೆಂದು ಮೊಳೆ ಹೊಡೆದಾಗಿತ್ತು. ಈಗ ಆ ಮೊಳೆಗೆ ಫ್ಯಾನ್ ಬೆಲ್ಟ್ ನೇತಾಡುತ್ತಿದೆ.

ತುಕ್ಕಿನ ವಿಷಯ ತೆಗೆದರೆ ಯಜಮಾನರ ದನಿ ಇಳಿಯುತ್ತದೆ. ಎಂಜಿಬಿಗೆ ಬೇರೆಯಾದ ಷಾಸಿ ಚೌಕಟ್ಟಿಲ್ಲ, ದೇಹವೇ ಆಧಾರ. ಬಾಗಿಲ ಕೆಳಗೆ ಉದ್ದಕ್ಕೆ ಹಾಯುವ ಸಿಲ್ ಎಂಬ ತಗಡಿನ ತೊಲೆಯೊಳಗೆ ನೀರು ನಿಂತು ತುಕ್ಕು ಹಿಡಿದರೆ ಗಾಡಿ ನಡುವಿನಲ್ಲೇ ಬಾಗುತ್ತದೆ. ಆಗ ಬಾಗಿಲು ಹಾಕಿದರೆ ತೆಗೆಯಲಾಗುವುದಿಲ್ಲ, ತೆಗೆದರೆ ಹಾಕಲಾಗುವುದಿಲ್ಲ. ಅದಕ್ಕೇ ಈ ಪಂಗಡದವರು ಯಾವ ಎಂಜಿಬಿಯನ್ನು ಕಂಡರೂ ಮೊದಲು ಎಂಜಿನ್ ನೋಡುವುದಿಲ್ಲ. ಬಾಗಿಲ ಅಂಚಿನ ಸಂದಿಯಲ್ಲಿ ಹೆಬ್ಬೆರಳನ್ನು ಮೇಲಿಂದ ಕೆಳಗೆ ಆಡಿಸುತ್ತಾರೆ. ಮೇಲೆ ಕೆಳಗೆ ಅಳತೆ ಒಂದೇ ಇದ್ದರೆ ಕುಲೀನ. ಆಮೇಲೆ ಜೇಬಿನಿಂದ ಪುಟ್ಟ ಆಯಸ್ಕಾಂತ ತೆಗೆದು ತಗಡಿಗೆ ಒತ್ತುತ್ತಾರೆ. ಕಚ್ಚದೆ ಕೆಳಗೆ ಬಿದ್ದರೆ ಬಣ್ಣದ ಹಿಂದೆ ಇರುವುದು ಲೋಹವಲ್ಲ, ಪುಟ್ಟಿ.

ಹೊರಗಿನ ಇಂಗ್ಲಿಷ್ ಮನುಷ್ಯ ಬೇರೆ. ಹತ್ತು ವರ್ಷ ನೆರೆಯಲ್ಲಿದ್ದರೂ ಸಂಬಳ ಕೇಳ, ಮಕ್ಕಳ ಮದುವೆ ವಿಚಾರಿಸ, ತನ್ನ ಬೈಪಾಸ್ ಆಪರೇಷನ್ನನ್ನೂ ನೆಗಡಿಯಷ್ಟೇ ಹಗುರವಾಗಿ ದಾಟಿಸಿಬಿಡುತ್ತಾನೆ. ಬಾನೆಟ್ ಎತ್ತಿದ ಮೇಲೆ ಆ ಸಂಕೋಚವೆಲ್ಲ ಹೋಯಿತು. ಅಪರಿಚಿತರು ಬಂದು ಎಷ್ಟು ಕೊಟ್ಟಿರಿ, ಯಾರ ಕೈಯಲ್ಲಿತ್ತು, ಎಣ್ಣೆ ಕುಡಿಯುತ್ತದೆಯೇ, ಎಲ್ಲಿ ಸೋರುತ್ತದೆ ಎಂದು ನೆಂಟರ ಮನೆಯ ಮದುವೆಯಲ್ಲಿ ಕೇಳುವಷ್ಟು ಬಿಚ್ಚುಮಾತಿನಲ್ಲಿ ಕೇಳುತ್ತಾರೆ. ಯಜಮಾನರು ಒಂದಕ್ಕೆ ನಾಲ್ಕಾಗಿ ಉತ್ತರ ಕೊಡುತ್ತಾರೆ. ಕಳೆದ ಚಳಿಗಾಲ ಅವರಿಗೆ ಮಂಡಿ ಆಪರೇಷನ್ ಆಗಿದ್ದು ನಮಗೆ ಗೊತ್ತಾದದ್ದೂ ಹೀಗೆಯೇ, ಕ್ಲಚ್ ಬದಲಿಸಲು ಯಾಕೆ ತಡವಾಯಿತು ಎಂಬ ವಿವರಣೆಯ ನಡುವೆ.

ಎರಡು ಕಾರ್ಬುರೇಟರುಗಳನ್ನು ಸಮ ಮಾಡುವ ದಿನ ನೋಡಬೇಕು. ಒಂದು ಗೇಣು ರಬ್ಬರ್ ನಳಿಕೆ. ಒಂದು ತುದಿ ಕಾರ್ಬುರೇಟರಿನ ಬಾಯಿಗೆ, ಇನ್ನೊಂದು ಕಿವಿಗೆ. ಕಣ್ಣು ಮುಚ್ಚುತ್ತಾರೆ. ಮುಂದಿನದರ ಸುಯ್ಯೆನ್ನುವ ಸದ್ದು ಕೇಳಿ, ಹಿಂದಿನದಕ್ಕೆ ನಳಿಕೆ ದಾಟಿಸಿ, ಒಂದು ತಿರುಪನ್ನು ಅರ್ಧ ಗೆರೆ ತಿರುಗಿಸಿ, ಮತ್ತೆ ಮುಂದಿನದಕ್ಕೆ. ಮಧ್ಯೆ ಯಾರಾದರೂ ಹುಲ್ಲು ಕತ್ತರಿಸುವ ಮೆಷಿನ್ ಶುರು ಮಾಡಿದರೆ ಮುಗಿಯಿತು, ಆ ಮನೆಗೂ ಇವರಿಗೂ ಆ ತಿಂಗಳು ಮಾತಿಲ್ಲ. ಅವರ ಹೆಂಡತಿ ಒಮ್ಮೆ ನಮಗೆ ಚಹಾ ಕೊಡುತ್ತಾ, ‘ಈ ವಾರ ಕೇಕ್ ಇಲ್ಲ, ಬಿಸ್ಕತ್ತು ತಗೊಳ್ಳಿ’ ಎಂದರು. ಎಂಜಿನ್ನಿನ ರಾಕರ್ ಕವರಿಗೆ ಬಣ್ಣ ಹಚ್ಚಿ ಯಜಮಾನರು ಅದನ್ನು ಓವನ್ನಿನಲ್ಲಿ ಬೇಯಿಸಿದ್ದರು.

ನನಗೂ ಆ ಗ್ಯಾರೇಜಿಗೂ ನಂಟು ಕುದುರಿಸಿದ್ದು ಅಂಬಾಸಿಡರ್. 1798 ಸಿಸಿ, ಬಿ-ಸೀರೀಸ್ ಎಂಜಿನ್ ಎಂದು ಅವರು ಹೆಮ್ಮೆಯಿಂದ ಹೇಳಿದಾಗ, ನಮ್ಮ ಅಂಬಾಸಿಡರಿನ 1489 ಸಿಸಿ ಎಂಜಿನ್ನೂ ಅದೇ ಬಿ-ಸೀರೀಸ್ ಮನೆತನದ್ದು ಎಂದೆ. ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಎಂಜಿಬಿಗಿಂತ ಹಿಂದಿನ ಎಂಜಿಎಯಲ್ಲಿ ಮೊದಲು ಇದ್ದದ್ದೂ ಆ ಅಳತೆಯದೇ ಅಲ್ಲವೇ! ‘ಅದರಲ್ಲಿ ನೀವು ಪ್ರಯಾಣ ಮಾಡಿದ್ದೀರಾ?’ ಎಂದು ಪುರಾಣಪುರುಷನನ್ನು ಕಂಡವನಂತೆ ಕೇಳಿದರು. ಧರ್ಮಸ್ಥಳಕ್ಕೆ, ಒಂಬತ್ತು ಜನ, ಮೇಲೆ ಹಾಸಿಗೆ ಸುರುಳಿ, ಶಿರಾಡಿ ಘಾಟಿಯಲ್ಲಿ ಬಾನೆಟ್ ಎತ್ತಿ ನೀರು ಹಾಕಿಕೊಂಡು ಹೋದೆವು ಎಂದೆ. ಇಬ್ಬರು ಕೂತು, ಡಿಕ್ಕಿಯ ಮೇಲೆ ಒಂದು ಸೂಟ್‌ಕೇಸ್ ಕಟ್ಟಿದರೆ ಭಾರ ಹೆಚ್ಚಾಯಿತೇನೋ ಎಂದು ಸಂಕಟಪಡುವ ಮನುಷ್ಯ ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದ್ದು ಒಂದೇ: ‘ಆಯಿಲ್ ಪ್ರೆಷರ್ ಎಷ್ಟಿತ್ತು?’

ಆ ಸಲಿಗೆಯಲ್ಲಿ ಇನ್ನೊಂದು ದಿನ, ಬೆಂಗಳೂರಿನಲ್ಲಿ ನಮ್ಮ ಭಾವನ ಹತ್ತಿರವೂ ಎಂಜಿ ಇದೆ ಎಂದುಬಿಟ್ಟೆ.

‘ಹೌದೇ! ಯಾವ ಮಾಡಲ್?’

‘ಹೆಕ್ಟರ್.’

ಎಂಜಿ ಎಂಬ ಹೆಸರು ಈಗ ಚೀನಾದ ಎಸ್‌ಎಐಸಿ ಕಂಪನಿಯ ಸ್ವತ್ತು, ಹೆಕ್ಟರ್ ತಯಾರಾಗುವುದು ಗುಜರಾತಿನ ಹಾಲೋಲಿನಲ್ಲಿ ಎಂಬುದೆಲ್ಲ ಅವರಿಗೆ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದವರಂತೆ ಬದುಕುವುದು ಆ ಪಂಗಡದ ಆತ್ಮರಕ್ಷಣೆ. ನಾನು ಸುಮ್ಮನಾಗಬಹುದಿತ್ತು. ‘ಬಾಯಲ್ಲಿ ಹೇಳಿದರೆ ಸಾಕು, ಸನ್‌ರೂಫ್ ತಾನೇ ತೆರೆದುಕೊಳ್ಳುತ್ತದೆ’ ಎಂದೂ ಸೇರಿಸಿದೆ. ಯಜಮಾನರು ತಮ್ಮ ಗಾಡಿಯ ಕ್ಯಾನ್ವಾಸ್ ಹೊದಿಕೆಯ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತಾ ಹೇಳಿದರು: ‘ಇದಕ್ಕೂ ಮಾತು ಬೇಕು. ಆದರೆ ಆ ಮಾತುಗಳನ್ನು ನಿಮ್ಮ ಮುಂದೆ ಆಡುವಂತಿಲ್ಲ.’

ಸರ್ಕಾರದ ಕೃಪೆಯೂ ಇವರ ಕಡೆಗೇ. ನಲವತ್ತು ವರ್ಷ ದಾಟಿದ ಗಾಡಿಗೆ ರಸ್ತೆ ತೆರಿಗೆ ಇಲ್ಲ. 2018ರಿಂದ ವರ್ಷಕ್ಕೊಮ್ಮೆಯ ತಪಾಸಣೆಯ ಕಡ್ಡಾಯವೂ ಹೋಯಿತು. ನನ್ನ 2014ರ ಡೀಸೆಲ್ ಕಾರು ಲಂಡನ್ನಿಗೆ ಕಾಲಿಟ್ಟರೆ ಹೊಗೆಯ ಹೆಸರಿನಲ್ಲಿ ದಿನಕ್ಕೆ 12.50 ಪೌಂಡ್ ತೆರಬೇಕು. ಯಜಮಾನರ ಗಾಡಿ ನೀಲಿ ಹೊಗೆ ಬಿಟ್ಟುಕೊಂಡು ಪುಕ್ಕಟೆ ಹೋಗುತ್ತದೆ. ಹೋಗಿ ತಲುಪುತ್ತದೆ ಎಂದು ನಾನು ಹೇಳಲಿಲ್ಲ.

ಇಷ್ಟೆಲ್ಲ ಮಡಿಯಿರುವಲ್ಲಿ ಕದ್ದು ಈರುಳ್ಳಿ ತಿನ್ನುವುದೂ ಇರಲೇಬೇಕಲ್ಲ. ಅದು ಇರುವುದು ಡಿಸ್ಟ್ರಿಬ್ಯೂಟರ್ ಕ್ಯಾಪಿನ ಕೆಳಗೆ. ಶಾಸ್ತ್ರದ ಪ್ರಕಾರ ಅಲ್ಲಿ ಲೋಹದ ಪಾಯಿಂಟುಗಳಿರಬೇಕು. ಆಗಾಗ ಉಜ್ಜಿ, ಸಂದಿಗೆ ಫೀಲರ್ ಗೇಜ್ ತೂರಿಸಿ ಅಳತೆ ಕೂಡಿಸುತ್ತಿರಬೇಕು. ಈಗ ಆ ಜಾಗಕ್ಕೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಎಲೆಕ್ಟ್ರಾನಿಕ್ ಮಾಡ್ಯೂಲ್ ಸಿಗುತ್ತದೆ. ಕ್ಯಾಪ್ ಮುಚ್ಚಿದರೆ ಹೊರಗೆ ಎಲ್ಲವೂ 1973.

ಜುಲೈ ತಿಂಗಳ ಮೇಳಕ್ಕೆ ನನ್ನನ್ನೂ ಕೂರಿಸಿಕೊಂಡು ಹೋಗಿದ್ದರು. ಸಂಜೆ ಹೊರಡುವ ಹೊತ್ತಿಗೆ ಗಾಡಿ ಶುರುವಾಗಲಿಲ್ಲ. ಸಾಲಿನಲ್ಲಿದ್ದ ಇನ್ನೊಬ್ಬ ಮಡಿವಂತರು, ಎಳೆಯುವ ಹಿಡಿಯ 1964ರ ಗಾಡಿಯವರು, ತೋಳು ಮಡಿಸಿಕೊಂಡು ಬಂದರು. ಯಜಮಾನರು ‘ಬೇಡ, ಬೇಡ, ಪ್ಲಗ್ ಒದ್ದೆಯಾಗಿರಬೇಕು’ ಎನ್ನುವಷ್ಟರಲ್ಲಿ ಅವರು ಎರಡೂ ಕ್ಲಿಪ್ ಒತ್ತಿ ಕ್ಯಾಪ್ ಎತ್ತಿಯೇಬಿಟ್ಟರು. ಒಳಗೆ ನೋಡಿದರು. ಬಾನೆಟ್ಟಿನ ಆಚೆಗೆ ಕತ್ತು ಚಾಚಿ ಹತ್ತಿರ ಯಾರಿದ್ದಾರೆಂದು ನೋಡಿದರು. ನನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮೆಲ್ಲಗೆ ಕ್ಯಾಪ್ ಕೂರಿಸಿ, ಕ್ಲಿಪ್ ಹಾಕಿ, ಹಿಂದೆ ಹೋಗಿ ಬಲಚಕ್ರದ ಪಕ್ಕ ಮಂಡಿಯೂರಿ, ಸ್ಪ್ಯಾನರಿನ ಹಿಂಬದಿಯಿಂದ ಫ್ಯುಯೆಲ್ ಪಂಪಿಗೆ ಒಂದು ಕೊಟ್ಟರು. ಟಿಕ್ ಟಿಕ್ ಟಿಕ್ ಎಂದು ಪಂಪ್ ಬಡಿದುಕೊಂಡಿತು, ಎಂಜಿನ್ ಹತ್ತಿತು.

‘ಪಾಯಿಂಟ್ಸ್ ಬಹಳ ಚೆನ್ನಾಗಿ ಇಟ್ಟುಕೊಂಡಿದ್ದೀರಿ’ ಎಂದರು, ಸುತ್ತಲಿನವರಿಗೆಲ್ಲ ಕೇಳುವ ಹಾಗೆ.

ಯಜಮಾನರು ಗೇರಿಗೆ ಕೈ ಹಾಕಿದಾಗ ಅವರು ಕಿಟಕಿಯ ಹತ್ತಿರ ಬಗ್ಗಿದರು.

‘ನನ್ನದು ಕಳೆದ ವರ್ಷವೇ ಹಾಕಿಸಿದೆ. ಮಳೆಗಾಲದಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಅಲ್ಲವೇ?’