ಫೋಟೋ ನಂದ ಹಾಕ್ರಿ!

ಗಂಗಾವತಿ ಕಡೆಯ ಗದ್ದೆಯೊಂದರಲ್ಲಿ ಸೋನಾ ಮಸೂರಿಯ ಬುಡ ಸರಿಸಿದರೆ, ನೀರಿನಿಂದ ಎರಡು ಬೆರಳು ಮೇಲೆ ಗಿಡ್ಡ ರೆಕ್ಕೆಯ ಹೆಣ್ಣೊಂದು ರಸ ಹೀರುತ್ತ ಕೂತಿತ್ತು. ಕಂದು ಜಿಗಿಹುಳು. ಸಂದರ್ಶನಕ್ಕೆ ಒಪ್ಪಿತು.

ಈ ಸಲದ ಯೂರಿಯಾ ಸರದಿ ನೋಡಿದಿರಾ?

ಅದು ಆಮ್ಯಾಲೆ ಸರ. ಮೊದ್ಲು ಆ ಬಿಳಿಬೆನ್ನಿನಾಕಿ ಸುದ್ದಿ ಬರ್ಕೊಳ್ರಿ. ಇಬ್ರೂ ಜಿಗಿನ, ಖರೆ. ಆದ್ರ ರೆಕ್ಕಿ ಕೂಡೂ ಜಾಗದಾಗ ಆಕಿಗೆ ಬಿಳಿ ಪಟ್ಟಿ ಐತಿ, ನನಗಿಲ್ಲ. ಬೆಳಿ ಎಳೇದಿದ್ದಾಗ ಹೆಚ್ಚಾಗಿ ಆಕಿ ಬರ್ತಾಳ, ತೆನಿ ಹೊತ್ತಿಗೆ ನಾನು. ಆಕಿನ್ನ ಕಂಡ್ರೂ ನನ್ನ ಹೆಸರು ಹೇಳಿ ಔಷಧ ತರ್ತಾರ! 1973ರಾಗ ಕೇರಳದ ಕುಟ್ಟನಾಡಿನ ಭತ್ತ ಸುಟ್ಟಾಕಿ ನಾನು. ಅದ ವರ್ಷ ಫಿಲಿಪ್ಪೀನ್ಸಿನವರು ನನ್ನ ತಡೀಲಿಕ್ಕ ಐಆರ್-26 ತಳಿ ತಂದ್ರು. ಎರಡ್ಮೂರು ವರ್ಷದಾಗ ಅದನ್ನೂ ಜೀರ್ಣ ಮಾಡ್ಕೊಂಡೆ. ಆಕಿ ಏನ್ ಮಾಡ್ಯಾಳ್ರಿ?

ಯೂರಿಯಾಕ್ಕೆ ರೈತರು ಬೆಳಗಿನ ನಾಲ್ಕಕ್ಕೇ ಚಪ್ಪಲಿ ಸಾಲಿಟ್ಟು ಕಾಯ್ತಾರೆ. ಚೀಲದ ಜೊತೆ ಅಂಗಡಿಯವರು ಬೇಡದ ಬಾಟಲಿಯನ್ನೂ ‘ಲಿಂಕ್’ ಅಂತ ಕಟ್ತಾರೆ. ನಿಮಗೇನೂ ಅನಿಸಲ್ವಾ?

ಯೂರಿಯಾ ಹೆಚ್ಚಾದಷ್ಟೂ ನನಗ ಊಟ, ಮೊಟ್ಟಿನೂ ಜಾಸ್ತಿ. ಆದ್ರ ಆ ಪಂಕ್ತಿಗೆ ಬಿಳಿಬೆನ್ನಿನಾಕಿನೂ ಬಂದು ಕೂಡ್ತಾಳಲ್ರಿ!

ಔಷಧ ಹೊಡೆದಾಗ ಭಯ?

ಯಾಕ? ಪೈರಿನ ತಲಿ ಮ್ಯಾಲೆ ಹೊಡಿತೀರಿ, ನಾ ಬುಡದಾಗಿರ್ತೀನಿ. ‘ಇದು ಭಾರಿ ಐತಿ’ ಅಂತ ಅಂಗಡ್ಯಾಗ ಸಿಂಥೆಟಿಕ್ ಪೈರೆಥ್ರಾಯ್ಡ್ ಕೊಡ್ತಾರ. ಅದಕ್ಕ ಸಾಯೂದು ನನ್ನ ತಿನ್ನೋ ಜೇಡ, ನನ್ನ ಮೊಟ್ಟಿ ಹೀರೋ ಮಿರಿಡ್ ತಿಗಣಿ. ದಂಟಿನ ಸಿಪ್ಪಿಯೊಳಗಿನ ಮೊಟ್ಟಿ ಎಂಟ್ಹತ್ತು ದಿನಕ್ಕ ಒಡದ್ರ ಕೇಳೋರಿಲ್ಲ. ಇಂಡೋನೇಷ್ಯಾದವರು ಇದನ್ನ ತಿಳ್ಕೊಂಡು 1986ರಾಗ ಭತ್ತಕ್ಕ 57 ಔಷಧ ಬಂದ್ ಮಾಡಿದ್ರು. ನೀವು? ಕೂಲಿ ಹುಡುಗ ಬರಿಗಾಲಾಗ, ಮಾರಿಗೆ ಟವೆಲ್ ಸುತ್ಕೊಂಡು ಕ್ಯಾನ್ ಹೊತ್ತಾನ. ನನ್ನ ಮುಟ್ಟದ ಔಷಧ ಅವನ ಎದಿಗೆ ಇಳೀತದ. ರಾತ್ರಿ ವಾಂತಿ ಮಾಡ್ಕೊಂಡ್ರ ‘ಬಿಸಿಲು ಹತ್ತೈತಿ’ ಅಂತೀರಿ. ಅಂಗಡಿ ಉದ್ರಿ ಪುಸ್ತಕದಾಗ ಮತ್ತೊಂದು ಗೆರಿ ಏರ್ತದ. ಗದ್ದಿ ದುಂಡಗ ಸುಟ್ಟಂಗ ಒಣಗಿದ ಮ್ಯಾಲೆ ಎಲ್ಲಾರೂ ಹುಳದ ತಪ್ಪಂತ ಕೈ ತೊಳ್ಕೋತೀರಿ.

ಹಾಗಾದರೆ ರೈತರು ಮಾಡಬೇಕಾದ್ದೇನು?

ನನ್ನ ಕೇಳ್ತೀರಲ್ಲ! ಎರಡು ಮೀಟರಿಗೊಂದು ಅಡಿ ಓಣಿ ಬಿಟ್ಟು ನಾಟಿ ಮಾಡಿ, ನಾ ಬಂದ ಕೂಡ್ಲೆ ನೀರು ಬಸಿದ್ರ, ಬುಡಕ್ಕ ಗಾಳಿ ಬಿಸಿಲು ಬಿದ್ದು ನಾ ಸೊರಗ್ತೀನಿ.

ಆ ಓಣಿಯಲ್ಲಿ ಯೂರಿಯಾ ಚೀಲ ಹೊತ್ತು ಹೋಗಬಹುದಾ?

ಏಳ್ರಿ, ಮುಗೀತು. ಫೋಟೋ ನಂದ ಹಾಕ್ರಿ, ಆಕಿದು ಹಾಕಬ್ಯಾಡ್ರಿ.