ಗೇಟಿನ ಹೊರಗಿನ ಹತ್ತು ಅಡಿ: ಪುಣೆಯ ಮನೆಮಾಲೀಕರಿಗೆ ಒಂದು ಬಹಿರಂಗ ಪತ್ರ

ಪುಣೆಯಲ್ಲಿ ಸ್ವಂತ ಮನೆ ಕಟ್ಟಿಸಿದ, ಕೊಂಡ, ಹಿರಿಯರಿಂದ ಪಡೆದ ಎಲ್ಲ ಕನ್ನಡ ಬಂಧುಗಳೇ,

ಪುಣೇರಿ ಪಾಟಿಗಳು ದೇಶಕ್ಕೆಲ್ಲ ಗೊತ್ತು. ಗೇಟಿಗೆ ತೂಗುಹಾಕುವ ಆ ಫಲಕಗಳಲ್ಲಿ ತೀರಾ ಸಾಮಾನ್ಯವಾದದ್ದು ಇದು: ಗೇಟಿನ ಎದುರು ಗಾಡಿ ನಿಲ್ಲಿಸಬೇಡಿ, ನಿಲ್ಲಿಸಿದರೆ ಗಾಲಿಯ ಗಾಳಿ ತೆಗೆಯುತ್ತೇವೆ. ಪ್ರಭಾತ್ ರಸ್ತೆಯಿಂದ ಸಹಕಾರನಗರದವರೆಗೆ ಎಲ್ಲಿ ಹೋದರೂ ಇದು ಕಾಣುತ್ತದೆ, ನಮ್ಮವರ ಮನೆಗಳ ಮುಂದೆಯೂ ಇದೆ. ಗೇಟಿನ ಹೊರಗಿನ ಆ ಹತ್ತು ಅಡಿ ನೆಲದ ಮೇಲೆ ನಮಗೊಂದು ಹಕ್ಕಿದೆ ಎಂದು ನಾವೇ ಬರೆದು ತೂಗುಹಾಕಿದ್ದೇವೆ. ಹಾಗಾದರೆ ಮಾಘ, ಫಾಲ್ಗುಣದಲ್ಲಿ ಅದೇ ಹತ್ತು ಅಡಿಯ ಮೇಲೆ ಉದುರುವ ಎಲೆ ಯಾರದು? ಅಲ್ಲಿಯ ಗಟಾರಿನ ಬಾಯಿ ಕಟ್ಟಿಕೊಂಡರೆ ಯಾರ ಹೊಣೆ? ಈ ಪ್ರಶ್ನೆ ಬಂದ ಕೂಡಲೇ ನಮ್ಮಲ್ಲಿ ಬಹಳ ಮಂದಿ ಮಹಾನಗರಪಾಲಿಕೆಯ ಕಡೆ ಕೈ ತೋರಿಸುತ್ತೇವೆ. ಹಕ್ಕು ನಮ್ಮದು, ಹೊಣೆ ಪಾಲಿಕೆಯದು ಎಂಬ ಈ ಲೆಕ್ಕ ನ್ಯಾಯದ್ದಲ್ಲ. ಅದನ್ನು ಹೇಳಲೆಂದೇ ಈ ಪತ್ರ.

ಎಲೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಇದರಲ್ಲಿ ನಮಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಮರ ಕಂಪೌಂಡಿನ ಒಳಗಿದೆ, ಎಲೆ ಹೊರಗೆ ಬೀಳುತ್ತದೆ. ಬೆಳಿಗ್ಗೆ ಮನೆಗೆಲಸದವಳು ಅಂಗಳ ಗುಡಿಸಿ ಎಲೆಯನ್ನೆಲ್ಲ ಗೇಟಿನಾಚೆ ದೂಡುತ್ತಾಳೆ. ರಸ್ತೆ ಗುಡಿಸುವವಳು ಅದನ್ನು ಮರದ ಬುಡಕ್ಕೆ ಒಟ್ಟುತ್ತಾಳೆ. ಆಮೇಲೆ ಯಾರೋ ಕಡ್ಡಿ ಗೀರುತ್ತಾರೆ. ಆ ಗುಡ್ಡೆಯನ್ನು ಒಮ್ಮೆ ಬಾಗಿ ನೋಡಿ. ಮೇಲೆ ಬಾದಾಮಿಯ ಕೆಂಪು ಎಲೆ, ಗರಿಗರಿಯಾಗಿ ಒಣಗಿದ್ದು. ಅಡಿಯಲ್ಲಿ ಇಬ್ಬನಿಗೆ ನೆಂದ ಮಾವಿನ ಎಲೆ, ಅದರ ನಡುವೆ ಹಾಲಿನ ಖಾಲಿ ಪಾಕೀಟು, ಗುಟ್ಕಾ ಚೀಟಿ. ಮೇಲಿನದು ನಿಮಿಷದಲ್ಲಿ ಉರಿದುಹೋಗುತ್ತದೆ, ಕೆಳಗಿನದು ಮಧ್ಯಾಹ್ನದವರೆಗೆ ಹೊಗೆಯಾಡುತ್ತದೆ. ಆ ಹೊಗೆ ಮೊದಲು ಹೋಗುವುದು ಪೊರಕೆ ಹಿಡಿದು ಪಕ್ಕದಲ್ಲೇ ನಿಂತ ಹೆಂಗಸಿನ ಎದೆಗೆ. ಆಮೇಲೆ ಶಾಲೆಯ ರಿಕ್ಷಾಕ್ಕೆ ಕಾಯುವ ಮಕ್ಕಳಿಗೆ. ಬುಡಕ್ಕೆ ಬೆಂಕಿ ತಗುಲಿದ ಮರದ ತೊಗಟೆ ಬಿರಿಯುತ್ತದೆ, ಬಿರುಕಿನೊಳಗೆ ಹುಳ ಸೇರುತ್ತದೆ, ಒಂದು ಮಳೆಗಾಲದ ಗಾಳಿಗೆ ಮರ ಯಾರದೋ ಸ್ಕೂಟರಿನ ಮೇಲೆ ಉರುಳುತ್ತದೆ. ಆಗ ಮರಗಳೇ ಅಪಾಯ ಎನ್ನುತ್ತೇವೆ.

ನಿಯಮ ಇಲ್ಲವೇ? ಸ್ಪಷ್ಟವಾಗಿಯೇ ಇದೆ. ಕಸ ಮಾಡುವವರು ಅದನ್ನು ರಸ್ತೆಗೆ, ಬಯಲಿಗೆ, ಚರಂಡಿಗೆ ಎಸೆಯಕೂಡದು, ಸುಡಕೂಡದು, ಹೂಳಕೂಡದು. ತೋಟದ ಕಸವನ್ನು ಬೇರೆಯಾಗಿ ತಮ್ಮ ಆವರಣದಲ್ಲೇ ಇಟ್ಟುಕೊಂಡು ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಬೇಕು ಎಂದು ಕೇಂದ್ರ ಸರ್ಕಾರದ ಘನತ್ಯಾಜ್ಯ ನಿರ್ವಹಣಾ ನಿಯಮಗಳು 2016ರಲ್ಲೇ ಹೇಳಿವೆ. ಅದೇ ವರ್ಷ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿ, ಸಣ್ಣ ಪ್ರಮಾಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣಕ್ಕೆ 25,000 ರೂಪಾಯಿ ದಂಡ ಗೊತ್ತುಮಾಡಿತು. ಆ ಆದೇಶದ ಹಿಂದೆ ಇದ್ದದ್ದು ನಮ್ಮ ಬೆಂಗಳೂರಿನ ಆಲ್ಮಿತ್ರಾ ಪಟೇಲ್ ಅವರ ಮೊಕದ್ದಮೆ. 1996ರಲ್ಲಿ ಅವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದರು. ಒಬ್ಬ ಹೆಣ್ಣುಮಗಳು ಎರಡು ದಶಕ ಕಾದು ತಂದ ತೀರ್ಪನ್ನು ನಾವು ಒಂದು ಬೆಂಕಿಕಡ್ಡಿಯಲ್ಲಿ ಮುಗಿಸುತ್ತಿದ್ದೇವೆ.

ಒಣ ಎಲೆ ಕಸವೇ ಅಲ್ಲ ಎಂದು ತೋರಿಸಿಕೊಟ್ಟದ್ದೂ ಇದೇ ಪುಣೆ. ಅದಿತಿ ದೇವಧರ್ ಅವರು ಇಲ್ಲಿ ಕಟ್ಟಿದ ‘ಬ್ರೌನ್ ಲೀಫ್’ ಬಳಗ ಎಲೆ ಹೆಚ್ಚಾದವರನ್ನೂ ಎಲೆ ಬೇಕಾದವರನ್ನೂ ಒಂದುಗೂಡಿಸುತ್ತದೆ. ತಾರಸಿಯಲ್ಲಿ ಕೈತೋಟ ಮಾಡುವವರು ಚೀಲಗಟ್ಟಲೆ ಒಣ ಎಲೆ ಹೊತ್ತೊಯ್ಯುತ್ತಾರೆ. ಮನೆಯಲ್ಲೇ ಗೊಬ್ಬರ ಮಾಡುವುದೂ ಕಷ್ಟವಲ್ಲ. ತಂತಿಜಾಲರಿಯನ್ನು ಮೂರಡಿ ಅಗಲಕ್ಕೆ ಸುತ್ತಿ ಅಂಗಳದ ಮೂಲೆಯಲ್ಲಿ ನಿಲ್ಲಿಸಿ. ಎಲೆ ತುಂಬಿ, ಕಾಲಿನಿಂದ ತುಳಿದು, ಆಗಾಗ ನೀರು ಚಿಮುಕಿಸಿ, ಸೆಗಣಿ ಕದಡಿದ ನೀರು ಸಿಕ್ಕರೆ ಅದನ್ನೂ, ಇಲ್ಲದಿದ್ದರೆ ಹುಳಿ ಮಜ್ಜಿಗೆಯನ್ನು ಹಾಕಿ. ವಾರಕ್ಕೊಮ್ಮೆ ಗುಡ್ಡೆ ಕುಗ್ಗುತ್ತದೆ, ಮತ್ತೆ ತುಂಬಬಹುದು. ಕೆಲವು ತಿಂಗಳಲ್ಲಿ ತಳದಿಂದ ಕಪ್ಪು ಮಣ್ಣು ಬರುತ್ತದೆ. ಗೊಬ್ಬರ ಮಾಡುವವರಿಗೆ, ಮಳೆನೀರು ಹಿಡಿಯುವವರಿಗೆ, ಸೌರಶಕ್ತಿ ಬಳಸುವವರಿಗೆ ಪುಣೆ ಪಾಲಿಕೆ ಆಸ್ತಿ ತೆರಿಗೆಯಲ್ಲಿ ಶೇ. 5ರಿಂದ 10ರಷ್ಟು ರಿಯಾಯಿತಿಯನ್ನೂ ಕೊಡುತ್ತದೆ. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಕೇಳಿ ಪಡೆದಿದ್ದೇವೆ?

ಇನ್ನು ಫುಟ್‌ಪಾತ್. ಕಾರು ಸಲೀಸಾಗಿ ಒಳಗೆ ಬರಲಿ ಎಂದು ಗೇಟಿನಿಂದ ರಸ್ತೆಯವರೆಗೆ ಸಿಮೆಂಟಿನ ಇಳಿಜಾರು ಹಾಕಿಸುತ್ತೇವೆ. ಒಬ್ಬರದು ಅರ್ಧ ಅಡಿ ಎತ್ತರ, ಪಕ್ಕದವರದು ಒಂದಡಿ. ಎಂಬತ್ತು ವರ್ಷದ ಅಜ್ಜಿ ಆ ಏರಿಳಿತದಲ್ಲಿ ನಡೆಯಲಾರದೆ ರಸ್ತೆಗೆ ಇಳಿಯುತ್ತಾರೆ, ಬಸ್ಸು ಅವರ ಸೆರಗು ಸವರಿಕೊಂಡು ಹೋಗುತ್ತದೆ. 2016ರಲ್ಲಿ ಪಾದಚಾರಿ ನೀತಿಯನ್ನೇ ಅಂಗೀಕರಿಸಿದ ಊರು ನಮ್ಮದು. 2021ರಿಂದ ಡಿಸೆಂಬರ್ 11ರಂದು ಲಕ್ಷ್ಮೀ ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲಿಸಿ ಪಾದಚಾರಿ ದಿನ ಆಚರಿಸುವ ಊರು. ಮರದ ಬುಡದ ಕತೆಯೂ ಇದೇ. ಟೈಲ್ಸ್ ಕೂಡಿಸುವ ಮೇಸ್ತ್ರಿ ಕಾಂಡಕ್ಕೆ ತಾಗುವವರೆಗೆ ಸಿಮೆಂಟು ಮೆತ್ತಿ ಹೋಗುತ್ತಾನೆ, ನಾವು ಚೊಕ್ಕಟವಾಯಿತೆಂದು ಹಣ ಎಣಿಸಿಕೊಡುತ್ತೇವೆ. ಮರದ ಸುತ್ತ ಒಂದು ಮೀಟರ್ ಕಾಂಕ್ರೀಟು ತೆಗೆಯಬೇಕೆಂದು ಹಸಿರು ನ್ಯಾಯಮಂಡಳಿ ದೆಹಲಿಗೆ ಆದೇಶ ಕೊಟ್ಟದ್ದು 2013ರಲ್ಲಿ. ಬೇರಿಗೆ ನೀರು ಬೇಕು ಎಂಬುದಕ್ಕೆ ದೆಹಲಿಯಾದರೇನು, ಪುಣೆಯಾದರೇನು?

ಮರ ನನ್ನದು, ನಾನು ನೆಟ್ಟದ್ದು ಎನ್ನುವವರಿಗೆ ಒಂದು ಮಾತು. 1975ರ ಮಹಾರಾಷ್ಟ್ರದ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿಮ್ಮ ಅಂಗಳದ ಮರವನ್ನೂ ವೃಕ್ಷ ಪ್ರಾಧಿಕಾರದ ಅನುಮತಿ ಇಲ್ಲದೆ ಕಡಿಯುವಂತಿಲ್ಲ. 2021ರ ತಿದ್ದುಪಡಿ ಐವತ್ತು ವರ್ಷ ದಾಟಿದ ಮರಗಳಿಗೆ ಪಾರಂಪರಿಕ ಮರದ ಸ್ಥಾನ ಕೊಟ್ಟಿದೆ. ಸ್ವಂತ ಜಾಗದಲ್ಲಿದ್ದರೂ ಮರ ಊರಿನದು ಎಂದು ಕಾನೂನು ಅರ್ಧ ಶತಮಾನದ ಹಿಂದೆಯೇ ಹೇಳಿದ ಮೇಲೆ, ಊರಿನ ಜಾಗದಲ್ಲಿ ಬಿದ್ದ ಅದರ ಎಲೆ ನಮ್ಮದು ಎಂದು ಒಪ್ಪಿಕೊಳ್ಳಲು ನಮಗೇಕೆ ಕಷ್ಟ?

ಕಂಪೌಂಡು ಗೋಡೆಯ ವಿಷಯವನ್ನು ಹಗುರವಾಗಿ ಬರೆಯಲಾರೆ. 2019ರ ಜೂನ್ 29ರಂದು ಮಧ್ಯರಾತ್ರಿ ಕಳೆದ ಮೇಲೆ ಪುಣೆಯ ಕೊಂಢ್ವಾದಲ್ಲಿ ವಸತಿ ಸಂಕೀರ್ಣವೊಂದರ ಗೋಡೆ ಪಕ್ಕದ ಕೂಲಿಕಾರರ ಶೆಡ್ಡುಗಳ ಮೇಲೆ ಕುಸಿದು 15 ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಬಿಹಾರದಿಂದ ದುಡಿಯಲು ಬಂದ ಕುಟುಂಬಗಳು ಅವು. ನಮ್ಮ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದವರೂ ಈ ಊರಲ್ಲಿ ಅಂಥದೇ ಗೋಡೆಗಳ ಮಗ್ಗುಲಲ್ಲಿ ಮಲಗುತ್ತಾರೆ. ಅದೇ ವರ್ಷ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ್ ಕಡೆಯಿಂದ ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ಬಂತು. ಪುಣೆ ಮತ್ತು ಸುತ್ತಮುತ್ತ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು, ಅರಣ್ಯೇಶ್ವರದ ಟಾಂಗೆವಾಲಾ ಕಾಲೋನಿಯಲ್ಲಿ ಗೋಡೆ ಬಿದ್ದೇ ಹಲವರು ಸತ್ತರು. ಹಳ್ಳಕ್ಕೆ ಹರಿಯಲು ಜಾಗ ಬಿಡದೆ ಅತ್ತ ಇತ್ತ ಗೋಡೆ ಎಬ್ಬಿಸಿದ್ದು, ಕಸ ಸುರಿದು ಮೋರಿ ಕಟ್ಟಿಕೊಳ್ಳುವಂತೆ ಮಾಡಿದ್ದು ಒಬ್ಬಿಬ್ಬರ ಕೆಲಸವಲ್ಲ. ಗೋಡೆಯಲ್ಲಿ ನೀರು ಹೊರಹೋಗುವ ತೂತುಗಳಿಗೆ ಮಣ್ಣು ಮೆತ್ತಿಕೊಂಡಿದೆಯೇ, ಗೋಡೆ ಹೊರಕ್ಕೆ ಉಬ್ಬಿದೆಯೇ ಎಂದು ಮಳೆಗಾಲಕ್ಕೆ ಮೊದಲು ಆಚೆಯಿಂದ ಹೋಗಿ ನೋಡಬೇಕು. ನಾವು ಗೋಡೆಗೆ ಬಣ್ಣ ಹಚ್ಚುವುದೂ ಒಳಗಿನಿಂದ, ನೋಡುವುದೂ ಒಳಗಿನಿಂದ. ಅದು ಬೀಳುವುದು ಮಾತ್ರ ಹೊರಗೆ.

ತೆರಿಗೆ ಕಟ್ಟುತ್ತೇವಲ್ಲ ಎಂಬ ಮಾತು ಬಂದೇ ಬರುತ್ತದೆ. ಅದರಲ್ಲಿ ಅರ್ಧ ನ್ಯಾಯವಿದೆ. ಕೊಂಬೆ, ಎಲೆ, ಹುಲ್ಲನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಹೇಳುವ ವ್ಯವಸ್ಥೆ ಅದನ್ನು ಒಯ್ಯಲು ಬರುವ ದಿನವನ್ನೂ ಹೇಳಬೇಕು. ಬಾಗಿಲಿಗೆ ಬಂದು ಹಸಿ ಕಸ, ಒಣ ಕಸ ಒಯ್ಯುವ ‘ಸ್ವಚ್ಛ್’ ಸಹಕಾರಿ ಸಂಸ್ಥೆಯ ಹೆಣ್ಣುಮಕ್ಕಳ ಕೈಗಾಡಿಯಲ್ಲಿ ಮಾವಿನ ಕೊಂಬೆಗೆ ಜಾಗವಿಲ್ಲ, ಅದನ್ನು ಅವರ ತಲೆಗೆ ಹೊರಿಸುವುದು ಅನ್ಯಾಯ. ಎಲೆ ಉದುರುವ ತಿಂಗಳುಗಳಲ್ಲಿ ಪ್ರತಿ ವಾರ್ಡಿಗೂ ತೋಟದ ಕಸದ ಗಾಡಿ ಬೇಕು, ಅದು ಬರುವ ವಾರ ಎಲ್ಲರಿಗೂ ಗೊತ್ತಿರಬೇಕು, ಎಲೆ ಪುಡಿಮಾಡುವ ಯಂತ್ರ ಹತ್ತಿರದ ಉದ್ಯಾನದಲ್ಲಿ ಇರಬೇಕು. ಇದನ್ನು ಜೋರಾಗಿ ಕೇಳೋಣ. ಕೇಳುವ ಬಾಯಿಗೆ ಬೆಲೆ ಬರುವುದು ಕೈ ಚೊಕ್ಕಟವಾಗಿದ್ದಾಗ. ಷಿಕಾಗೋದಲ್ಲಿ ಮನೆ ಮುಂದಿನ ಕಾಲುದಾರಿಯ ಹಿಮ ತೆಗೆಯುವುದು ಮಾಲೀಕನ ಕೆಲಸ, ಅಲ್ಲಿರುವ ನಮ್ಮ ಮಕ್ಕಳು ಚಳಿಯಲ್ಲಿ ಸಲಿಕೆ ಹಿಡಿದು ಗೊಣಗದೆ ಮಾಡುತ್ತಾರೆ. ಊರಿಗೆ ಬಂದಾಗ ಅವರೂ ಬಾಳೆಹಣ್ಣಿನ ಸಿಪ್ಪೆಯನ್ನು ಕಂಪೌಂಡಿನಾಚೆ ಎಸೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಈ ಬೇಸಿಗೆಗೆ ಮೊದಲು ಗೇಟಿನಿಂದಾಚೆ ಹತ್ತು ಅಡಿಯನ್ನು ನಿಮ್ಮ ಅಂಗಳದ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಎಲೆಯನ್ನು ಹೊರಗೆ ದೂಡಬೇಡಿ ಎಂದು ಮನೆಗೆಲಸದವರಿಗೆ ನೀವೇ ಹೇಳಿ, ಜಾಲರಿ ತಂದುಕೊಡಿ. ವಾಚ್‌ಮನ್ ಬೆಂಕಿಕಡ್ಡಿ ತೆಗೆದರೆ ತಡೆಯಿರಿ. ಮರದ ಬುಡದ ಸಿಮೆಂಟನ್ನು ಒಡೆಸಿ, ಇಳಿಜಾರನ್ನು ಫುಟ್‌ಪಾತಿನ ಮಟ್ಟಕ್ಕೆ ತಗ್ಗಿಸಿ, ಗಟಾರಿನ ಜಾಲರಿಯ ಮೇಲಿನ ಕಸವನ್ನು ಮೃಗಶಿರಾ ಮಳೆಗೆ ಮೊದಲೇ ತೆಗೆಸಿ. ಹೂಕುಂಡದ ಕೆಳಗಿನ ತಟ್ಟೆಯ ನೀರನ್ನೂ ಚೆಲ್ಲಿ, 2024ರಲ್ಲಿ ನಮ್ಮ ಊರಿನ ಎರಂಡವಣೆಯಲ್ಲೇ ಸೊಳ್ಳೆಯಿಂದ ಹರಡುವ ಝೀಕಾ ಕಾಣಿಸಿಕೊಂಡದ್ದು ಮರೆತಿರಲಾರಿರಿ. ಅಷ್ಟು ಮಾಡಿದ ಮೇಲೆ ಬನ್ನಿ, ಎಲೆಯ ಗಾಡಿ ಬೇಕೆಂಬ ಮನವಿಗೆ ಸಹಿ ಹಾಕಿ ವಾರ್ಡ್ ಕಚೇರಿಗೆ ಎಲ್ಲರೂ ಕೂಡಿಯೇ ಹೋಗೋಣ.

ಇಂತಿ,
ನಿಮ್ಮಂತೆಯೇ ಈ ಊರಲ್ಲಿ ಗೇಟು, ಗೋಡೆ, ಒಂದು ಮಾವಿನ ಮರ ಇರುವ ನಿಮ್ಮ ನೆರೆಯವ