ಅಗಲಪರದೆ ಮೀಮಾಂಸೆ: ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಆಟಾರ್ಥಿಗಳಿಗಾಗಿ ಒಂದು ಶಾಸ್ತ್ರೀಯ ವಿವೇಚನೆ

1. ಅನುಬಂಧ ಚತುಷ್ಟಯ

ಗಣಕಯಂತ್ರದ ಪರದೆಗೆ ಲೋಕವ್ಯವಹಾರದಲ್ಲಿ ಮಾನಿಟರ್ ಎಂದು ಹೆಸರು. ಅದರ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ 16:9 ಆಗಿದ್ದರೆ ಅದನ್ನು ಸಾಮಾನ್ಯವೆಂದೂ, 21:9 ಅಥವಾ 32:9 ಆಗಿದ್ದರೆ ಅಲ್ಟ್ರಾವೈಡ್ ಎಂದೂ ವ್ಯಾಪಾರಿಗಳು ವಿಭಾಗಿಸುತ್ತಾರೆ. 2012ರಲ್ಲಿ 29 ಅಂಗುಲದ ಚಪ್ಪಟೆ ರೂಪದಲ್ಲಿ ಅವತರಿಸಿ, 2014ರಲ್ಲಿ 34 ಅಂಗುಲಕ್ಕೆ ಬೆಳೆದು ಬಾಗಿ, 2017ರಲ್ಲಿ 49 ಅಂಗುಲದ ವಿಶ್ವರೂಪ ತೋರಿದ ಈ ವಸ್ತುವನ್ನು ಕುರಿತು ಹೊರಗೆ ವಿಪುಲ ವಾಙ್ಮಯವಿದ್ದರೂ, ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳ ದೃಷ್ಟಿಯಿಂದ ಅದನ್ನು ಪರಿಶೀಲಿಸುವುದೇ ಪ್ರಸ್ತುತ ಪ್ರಬಂಧದ ವಿಷಯ. ಈ ಶಾಸ್ತ್ರಕ್ಕೆ ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ದುಡಿಯುತ್ತ, ಪರದೆ ಬೇಕಾಗಿರುವುದು ಆಫೀಸಿನ ಕೆಲಸಕ್ಕೆ ಎಂದು ತಾಯಿಯ ಮುಖ ನೋಡಿ ಹೇಳಬಲ್ಲವನು. ಸಂಬಂಧವೆಂಬುದು ಅವನ ಕುತ್ತಿಗೆಗೂ ಮೇಜಿಗೂ ಇರುವಂಥದು. ಪ್ರಯೋಜನವನ್ನು ಕೊನೆಯ ಅಧ್ಯಾಯದಲ್ಲಿ ಹೇಳಲಾಗುವುದು.

2. ದೇಶಪ್ರಮಾಣ

ಅಲ್ಟ್ರಾವೈಡೇ ಬೇಕೆನ್ನುವ ಅಗಲಪಕ್ಷದವರು ಮೊದಲು ಮುಂದಿಡುವ ಪ್ರಮಾಣ ಶಾಸನಸ್ಥವಾದುದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳು ಎಡದಿಂದ ಬಲಕ್ಕೆ ಓದುವ ಬ್ರಾಹ್ಮಿಯಲ್ಲಿವೆ. ಆದರೆ ಅವುಗಳನ್ನು ಬರೆದ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಒಂದೇ ಬಂಡೆಯನ್ನು ಎರಡೂ ಕಡೆಯಿಂದ ನೋಡಬೇಕಾದ ಪದ್ಧತಿ ಕ್ರಿ.ಪೂ. 3ನೆಯ ಶತಮಾನದಲ್ಲೇ ಈ ಸೀಮೆಯಲ್ಲಿತ್ತೆಂದು ಇದರಿಂದ ಸಿದ್ಧವಾಗುತ್ತದೆಂದು ಅವರ ವಾದ. ಇದಕ್ಕೆ ಪ್ರತಿವಾದಿಗಳ ಆಕ್ಷೇಪ ಹೀಗಿದೆ: ಪರದೆಯ ಚಿತ್ರ ಸೆಕೆಂಡಿಗೆ ಎಷ್ಟು ಬಾರಿ ಹೊಸದಾಗುತ್ತದೆ ಎಂಬ ಲೆಕ್ಕಕ್ಕೆ ರಿಫ್ರೆಶ್ ರೇಟ್ ಎನ್ನುತ್ತಾರೆ, 60 ಹರ್ಟ್ಸ್ ಪರದೆಯಲ್ಲಿ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ, 144 ಹರ್ಟ್ಸ್ ಪರದೆಯಲ್ಲಿ ಸುಮಾರು 6.9 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರ ಮೂಡುವುದಾದರೆ, ಬ್ರಹ್ಮಗಿರಿಯ ಬಂಡೆಯಲ್ಲಿ ಇಪ್ಪತ್ತೆರಡು ಶತಮಾನ ಕಳೆದರೂ ಎರಡನೆಯ ಚಿತ್ರ ಬಂದಿಲ್ಲ. ಒಎಲ್ಇಡಿ ಜಾತಿಯ ಪರದೆಗಳಲ್ಲಿ ಒಂದೇ ಚಿತ್ರ ಬಹುಕಾಲ ನಿಂತರೆ ಅದರ ಛಾಯೆ ಅಳಿಯದೆ ಉಳಿಯುವ ಬರ್ನ್-ಇನ್ ಎಂಬ ದೋಷಕ್ಕೆ ಈ ಬಂಡೆ ಉದಾಹರಣೆಯಾದೀತೇ ಹೊರತು ಅಗಲಕ್ಕಲ್ಲ.

ಎರಡನೆಯ ಪ್ರಮಾಣ ಆಕಾಶಸ್ಥವಾದುದು. ಚಳ್ಳಕೆರೆ ತಾಲ್ಲೂಕಿನ ಡಿಆರ್‌ಡಿಒ ಪರೀಕ್ಷಾ ವಲಯದಲ್ಲಿ ಇಸ್ರೋ ಸಂಸ್ಥೆಯು ಮರುಬಳಕೆಯ ರೆಕ್ಕೆವಾಹನವನ್ನು 2023ರ ಏಪ್ರಿಲ್ 2ರಂದು ಮೊದಲ ಬಾರಿಗೆ ಇಳಿಸಿತು. 2024ರ ಜೂನ್ 23ರ ಮೂರನೆಯ ಪರೀಕ್ಷೆಯಲ್ಲಿ ‘ಪುಷ್ಪಕ್’ ಎಂಬ ಆ ವಾಹನವನ್ನು ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ, ಅದೂ ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಸರಿಸಿ, ಕೈಬಿಟ್ಟಿತು. ಇಷ್ಟು ಪಕ್ಕಕ್ಕೆ ಸರಿದದ್ದನ್ನು ತಿದ್ದಿಕೊಳ್ಳಲು ಪಕ್ಕದ ನೋಟ ಅವಶ್ಯವೆಂಬುದು ಅಗಲಪಕ್ಷದ ಅನುಮಾನ. ಪುಷ್ಪಕದೊಳಗೆ ಚಾಲಕನೂ ಇರಲಿಲ್ಲ, ಮಾನಿಟರೂ ಇರಲಿಲ್ಲ, ಆದರೂ ಅದು ತಾನೇ ದಾರಿ ತಿದ್ದಿಕೊಂಡು ರನ್‌ವೇಗೆ ಇಳಿಯಿತೆಂದು ಪ್ರತಿವಾದಿಗಳು ತೋರಿಸಿಕೊಟ್ಟ ಮೇಲೆ ಈ ಪ್ರಮಾಣವೂ ದುರ್ಬಲವಾಗುತ್ತದೆ.

3. ಕರ್ಣವಿಚಾರ

ಪರದೆಯ ಅಂಗುಲವೆಂಬುದು ಅಗಲವೂ ಅಲ್ಲ, ಎತ್ತರವೂ ಅಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣರೇಖೆಯ ಉದ್ದ. ಇದನ್ನರಿಯದೆ 27ಕ್ಕಿಂತ 34 ದೊಡ್ಡದೆಂದು ನಂಬಿದವರು ಪೆಟ್ಟಿಗೆ ಬಿಚ್ಚಿದ ದಿನ ವಿಷಾದಯೋಗಕ್ಕೆ ಗುರಿಯಾಗುತ್ತಾರೆ. 16:9 ಅನುಪಾತದ 27 ಅಂಗುಲದ ಪರದೆ ಸುಮಾರು 59.8 ಸೆಂ.ಮೀ. ಅಗಲ, 33.6 ಸೆಂ.ಮೀ. ಎತ್ತರವಿದ್ದರೆ, 34 ಅಂಗುಲದ ಅಲ್ಟ್ರಾವೈಡ್ ಸುಮಾರು 79.7 ಸೆಂ.ಮೀ. ಅಗಲವಿದ್ದೂ ಎತ್ತರದಲ್ಲಿ 33.3 ಸೆಂ.ಮೀ. ಮಾತ್ರ ಇರುತ್ತದೆ. 49 ಅಂಗುಲದ್ದು 120 ಸೆಂ.ಮೀ. ಅಗಲಕ್ಕೆ ಚಾಚಿಕೊಂಡರೂ ಎತ್ತರದಲ್ಲಿ ಅದೇ ಮನೆತನದ್ದು. ಆದಕಾರಣ ಅಲ್ಟ್ರಾವೈಡ್ ಎಂಬುದು ದೊಡ್ಡ ಪರದೆಯಲ್ಲ, ಎರಡು ಪಕ್ಕಗಳನ್ನು ಹೊಂದಿದ 27 ಅಂಗುಲದ ಪರದೆ ಎಂಬುದೇ ಈ ಅಧ್ಯಾಯದ ನಿರ್ಣಯ.

ಕರ್ಣವನ್ನೇ ನಂಬಿದವರಲ್ಲಿ ತೆರಿಗೆಯೂ ಸೇರಿತ್ತು. 2019ರ ಜನವರಿಯಿಂದ 32 ಅಂಗುಲದವರೆಗಿನ ಮಾನಿಟರಿಗೆ ಶೇ. 18, ಅದನ್ನು ಮೀರಿದ್ದಕ್ಕೆ ಶೇ. 28 ಜಿಎಸ್‌ಟಿ ಇತ್ತು. 16:9ರ 32 ಅಂಗುಲದ ಪರದೆಯ ವಿಸ್ತೀರ್ಣ ಸುಮಾರು 2,820 ಚದರ ಸೆಂ.ಮೀ.; 34 ಅಂಗುಲದ ಅಲ್ಟ್ರಾವೈಡಿನದು ಸುಮಾರು 2,655. ಚಿಕ್ಕದಾದದ್ದು ಉದ್ದ ಕರ್ಣದ ದೆಸೆಯಿಂದ ಹೆಚ್ಚು ತೆರಿಗೆ ತೆತ್ತ ಈ ವಿಚಿತ್ರ ಪ್ರಕರಣವು 2025ರ ಸೆಪ್ಟೆಂಬರ್ 22ರಂದು ಎರಡಕ್ಕೂ ಶೇ. 18 ಆದಾಗ ಮುಕ್ತಾಯವಾಯಿತು.

4. ಅಂಚು ಮತ್ತು ಒಡಲು

ಪಕ್ಕಗಳು ದಕ್ಕುತ್ತವೆಯೇ ಎಂಬುದನ್ನು ನಿರ್ಧರಿಸುವುದು ಪರದೆಯಲ್ಲ, ಆಟ. ಭೌಗೋಳಿಕ ಸೂಚಿ ಪಡೆದ ಮೊಳಕಾಲ್ಮುರು ರೇಷ್ಮೆಸೀರೆಯಲ್ಲಿ ಒಡಲು ಬೇರೆ, ಅಂಚು ಬೇರೆ ಎಂದು ಬಲ್ಲವರಿಗೆ ಈ ಭೇದ ಸುಲಭಗ್ರಾಹ್ಯ. ಉತ್ತಮ ವರ್ಗದ ಆಟಗಳು ಒಡಲನ್ನು ಮುಟ್ಟದೆ ಎರಡೂ ಕಡೆ ಹೊಸದಾಗಿ ಅಂಚು ನೇಯುತ್ತವೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಯೂರೋ ಟ್ರಕ್ ಸಿಮ್ಯುಲೇಟರ್ 2 ಮುಂತಾದ ವಾಹನಪ್ರಧಾನ ಆಟಗಳು ಈ ಗುಂಪಿನವು. ಮಧ್ಯಮ ವರ್ಗದವು ಒಡಲನ್ನೇ ಮೇಲೆ ಕೆಳಗೆ ಕತ್ತರಿಸಿ ಅಗಲಕ್ಕೆ ಎಳೆಯುತ್ತವೆ. 2016ರಲ್ಲಿ ಬಿಡುಗಡೆಯಾದಾಗ ಓವರ್‌ವಾಚ್ ಹೀಗೆಯೇ ಮಾಡಿತ್ತಾದ್ದರಿಂದ, ಹೆಚ್ಚು ಹಣ ಕೊಟ್ಟವನಿಗೆ ಕಡಿಮೆ ಕಾಣುತ್ತಿತ್ತು. ಮೂರನೆಯ ವರ್ಗದವು ಅಂಚಿನ ಜಾಗವನ್ನು ಕಪ್ಪಾಗಿ ಬಿಡುತ್ತವೆ. ಎಲ್ಡನ್ ರಿಂಗ್ ಇದಕ್ಕೆ ಪ್ರಸಿದ್ಧ ನಿದರ್ಶನ. ಸ್ಪರ್ಧೆಯಲ್ಲಿ ಸಮಾನತೆ ಇರಬೇಕೆಂದು ವ್ಯಾಲರೆಂಟ್ ಕೂಡ ಅಗಲಪರದೆಯವನಿಗೆ ಹೆಚ್ಚಿನ ನೋಟ ಕೊಡುವುದಿಲ್ಲ.

5. ಸಿದ್ಧಾಂತ

ಪ್ರತ್ಯಕ್ಷ, ಅನುಮಾನ, ಶಬ್ದಗಳೆಂಬ ಪ್ರಮಾಣಗಳಲ್ಲಿ ಮೊದಲನೆಯದು ಕೊಳ್ಳುವವನಿಗೆ ದುರ್ಲಭ, ಏಕೆಂದರೆ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಇಂಥ ಪರದೆಯನ್ನು ಹಚ್ಚಿ ತೋರಿಸುವುದು ಅಪರೂಪ. ಯೂಟ್ಯೂಬಿನ ಆಪ್ತವಾಕ್ಯವು ಶಬ್ದಪ್ರಮಾಣವೇ ಆದರೂ, ಹೇಳುವವನಿಗೆ ಪರದೆ ಪುಕ್ಕಟೆಯಾಗಿ ಬಂದಿದ್ದಲ್ಲಿ ಅದರ ಆಪ್ತತೆ ಯಾರ ಕಡೆಗೆಂದು ವಿಚಾರಿಸತಕ್ಕದ್ದು. ಉಳಿಯುವುದು ಅನುಮಾನ, ಅಂದರೆ ಲೆಕ್ಕ. 3440×1440 ಬಿಂದುಗಳ ಅಲ್ಟ್ರಾವೈಡಿನಲ್ಲಿ ಸುಮಾರು 49.5 ಲಕ್ಷ ಪಿಕ್ಸೆಲ್‌ಗಳಿದ್ದು, 2560×1440ರ ಸಾಮಾನ್ಯ ಪರದೆಯ 36.9 ಲಕ್ಷಕ್ಕಿಂತ ಶೇ. 34ರಷ್ಟು ಹೆಚ್ಚಿನ ಹೊರೆ ಗ್ರಾಫಿಕ್ಸ್ ಕಾರ್ಡಿನ, ಅಂದರೆ ಚಿತ್ರ ಬಿಡಿಸುವ ಅಂಗದ, ಮೇಲೆ ಬೀಳುತ್ತದೆ. ಹೊರೆ ತಗ್ಗಲೆಂದು 34 ಅಂಗುಲದಲ್ಲೇ 2560×1080ರದನ್ನು ಕೊಂಡರೆ, ಅಂಗುಲಕ್ಕೆ 110ರಷ್ಟಿರಬೇಕಾದ ಬಿಂದುಗಳು 82ಕ್ಕೆ ಇಳಿದು ಅಕ್ಷರಗಳು ಒರಟಾಗುತ್ತವೆ.

ಬಾಗನ್ನು ಅಳೆಯುವ 1800ಆರ್ ಎಂಬ ಸಂಜ್ಞೆಗೆ, ಪರದೆಯನ್ನು ಹಾಗೆಯೇ ಮುಂದುವರಿಸಿದರೆ 1,800 ಮಿ.ಮೀ. ತ್ರಿಜ್ಯದ ವೃತ್ತವಾಗುತ್ತದೆಂದು ಅರ್ಥ. ಗಣಿತದಂತೆ 34 ಅಂಗುಲದ ಸುಮಾರು ಹದಿನಾಲ್ಕು ಪರದೆಗಳನ್ನು ಜೋಡಿಸಿದರೆ ವೃತ್ತ ಪೂರ್ಣವಾಗುವುದಾದರೂ, ಒಳಗೆ ಕುಳಿತವನು ಊಟಕ್ಕೆ ಹೇಗೆ ಏಳಬೇಕೆಂಬುದನ್ನು ತಯಾರಕರು ನಿರೂಪಿಸಿಲ್ಲ. ಒಂದೇ ಪರದೆಯವನು ಮೇಜಿನ ಆಳವನ್ನು ಟೇಪಿನಿಂದ ಅಳೆದು, ಕಣ್ಣಿಗೂ ಪರದೆಗೂ ಸುಮಾರು 80 ಸೆಂ.ಮೀ. ಉಳಿಯುವುದೇ ಎಂದು ನೋಡಿದರೆ ಸಾಕು. ಉಳಿಯದಿದ್ದರೆ ಎರಡು ತುದಿಗಳ ನಡುವೆ ಕತ್ತು ತಿರುಗಿಸುವ ವ್ಯಾಯಾಮ ತಾನಾಗಿ ಪ್ರಾಪ್ತವಾಗುತ್ತದೆ.

6. ಫಲಶ್ರುತಿ

ಮೊದಲು ತನ್ನ ಆಟಗಳ ಪಟ್ಟಿಯನ್ನೂ, ಆಮೇಲೆ ಗ್ರಾಫಿಕ್ಸ್ ಕಾರ್ಡನ್ನೂ, ಅದಾದ ಮೇಲೆ ಮೇಜನ್ನೂ, ಕಟ್ಟಕಡೆಗೆ ಬೆಲೆಯನ್ನೂ ನೋಡಿ ಕೊಂಡವನಿಗೆ 20 ಸೆಂ.ಮೀ. ಅಧಿಕ ದೃಶ್ಯ ಲಭಿಸುತ್ತದೆ. ಈ ಕ್ರಮವನ್ನು ತಲೆಕೆಳಗು ಮಾಡಿ ಹಬ್ಬದ ರಿಯಾಯಿತಿಯ ರಾತ್ರಿ ಕೊಂಡವನಿಗೆ ಒಂದೊಂದು ಪಕ್ಕದಲ್ಲೂ 10 ಸೆಂ.ಮೀ. ಕಪ್ಪುಪಟ್ಟಿ ಲಭಿಸುತ್ತದೆ. ಮಾಸಿಕ ಕಂತು ಇಬ್ಬರಿಗೂ ಸಮಾನ.